ಅಳಿದ ಹೆಸರು, ಉಳಿದ ನಾದ

ಕಟ್ಟಿದವನು ಅಳಿದರೂ ಅವನ ಹೆಸರು ಉಳಿಯುವುದೆಂದು ಲೋಕ ನಂಬುತ್ತದೆ. ಅಮೆರಿಕದ ಫಾಕ್ಸ್ ಚಿತ್ರಸಂಸ್ಥೆಯ ಚರಿತ್ರೆ ಈ ನಂಬಿಕೆಗೆ ಒಂದು ಒರೆಗಲ್ಲು.

ಹಂಗೆರಿಯಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಅಮೆರಿಕವನ್ನು ಸೇರಿದ ವಿಲಿಯಂ ಫಾಕ್ಸ್ 1915ರಲ್ಲಿ ಫಾಕ್ಸ್ ಫಿಲಂ ಸಂಸ್ಥೆಯನ್ನು ಸ್ಥಾಪಿಸಿದನು. ಚಿತ್ರದ ಸುರುಳಿಯ ಮೇಲೆಯೇ ಧ್ವನಿಯನ್ನು ಅಚ್ಚೊತ್ತುವ 'ಮೂವಿಟೋನ್' ವಿಧಾನವನ್ನು ಬಳಕೆಗೆ ತಂದುದು ಆತನ ಸಂಸ್ಥೆಯೇ. 1929ರ ಷೇರುಪೇಟೆಯ ಕುಸಿತವೂ ಸಾಲದ ಹೊರೆಯೂ ಸೇರಿ, 1930ರಲ್ಲಿ ಸಂಸ್ಥೆ ಆತನ ಕೈತಪ್ಪಿತು. 1935ರಲ್ಲಿ ಅದು ಟ್ವೆಂಟಿಯತ್ ಸೆಂಚುರಿ ಸಂಸ್ಥೆಯೊಡನೆ ಕೂಡಿ 'ಟ್ವೆಂಟಿಯತ್ ಸೆಂಚುರಿ-ಫಾಕ್ಸ್' ಆಯಿತು. ಯಜಮಾನ ಹೊರಗಾದರೂ ಹೆಸರು ಮಾತ್ರ ಒಳಗೇ ಉಳಿಯಿತು. 1952ರಲ್ಲಿ ಫಾಕ್ಸ್ ತೀರಿಕೊಂಡನು.

1980ರ ದಶಕದಲ್ಲಿ ಸಂಸ್ಥೆ ರೂಪರ್ಟ್ ಮರ್ಡಾಕರ ವಶವಾಯಿತು. ಮುಂದೆ 2019ರ ಮಾರ್ಚಿಯಲ್ಲಿ ಡಿಸ್ನಿ ಸಂಸ್ಥೆ, ಚಿತ್ರಶಾಲೆಯೂ ಸೇರಿದಂತೆ ಅವರ ಮಾತೃಸಂಸ್ಥೆಯ ಬಹುಭಾಗವನ್ನು ಸುಮಾರು 7,100 ಕೋಟಿ ಡಾಲರಿಗೆ ಕೊಂಡಿತು. 2020ರ ಜನವರಿಯಲ್ಲಿ 'ಫಾಕ್ಸ್' ಎಂಬ ಪದವನ್ನು ತೆಗೆದು, 'ಟ್ವೆಂಟಿಯತ್ ಸೆಂಚುರಿ ಸ್ಟುಡಿಯೋಸ್' ಎಂದು ಮರುನಾಮಕರಣ ಮಾಡಿತು. ಫಾಕ್ಸನ ಬಂಧುಗಳಲ್ಲದ ಮರ್ಡಾಕ್ ಕುಟುಂಬದವರ ಸುದ್ದಿವಾಹಿನಿಗೆ ಮಾತ್ರ ಆ ಹೆಸರು ಹಾಗೆಯೇ ಉಳಿಯಿತು!

ಚಿತ್ರ ಮೊದಲಾಗುವಾಗ ಮೊಳಗುವ ಕಹಳೆ ನಗಾರಿಗಳ ನಾದವನ್ನು ಡಿಸ್ನಿ ಕೈಬಿಡಲಿಲ್ಲ. ಅದು ಆಲ್‌ಫ್ರೆಡ್ ನ್ಯೂಮನ್ 1933ರಲ್ಲಿ ಟ್ವೆಂಟಿಯತ್ ಸೆಂಚುರಿ ಸಂಸ್ಥೆಗಾಗಿ ರಚಿಸಿದುದು. ಫಾಕ್ಸನ ಹೆಸರು ಬಂದು ಕೂಡುವುದಕ್ಕೂ ಹಿಂದಿನದು. ಆದಕಾರಣ ಹೆಸರು ಹೋದರೂ ನಾದಕ್ಕೆ ಊನವಾಗಲಿಲ್ಲ.

ಹೆಸರು ಸೊತ್ತಾದ ಮೇಲೆ ಕೊಂಡವರು ಅದನ್ನು ಇಟ್ಟುಕೊಳ್ಳಬಹುದು, ಅಳಿಸಬಹುದು. ಆದರೆ ಮೂಕಚಿತ್ರಕ್ಕೆ ಮಾತು ಕೊಡಲು ದುಡಿದವರಲ್ಲಿ ಫಾಕ್ಸನೂ ಒಬ್ಬನೆಂಬ ಸಂಗತಿ ಯಾವ ಕ್ರಯಪತ್ರಕ್ಕೂ ಸೇರತಕ್ಕದ್ದಲ್ಲ.