ರಾಜಭವನದ ವರದಿ, ಸದನದ ಮತ

ತಮ್ಮ ಮನೆಯಲ್ಲಿ ಕಾನೂನು ಓದುತ್ತಿರುವ ಮಕ್ಕಳಿದ್ದರೆ ಅವರ ಬಾಯಲ್ಲಿ ‘ಬೊಮ್ಮಾಯಿ ಪ್ರಕರಣ’ ಎಂಬ ಮಾತನ್ನು ತಾವು ಕೇಳಿರಬಹುದು. ಆ ಹೆಸರನ್ನು ಎತ್ತದೆ ನಮ್ಮ ದೇಶದಲ್ಲಿ ಸಂವಿಧಾನದ ಪಾಠ ಮುಗಿಯುವುದಿಲ್ಲ. ಎಂಟೇ ತಿಂಗಳು ಅಧಿಕಾರದಲ್ಲಿದ್ದ ಕನ್ನಡನಾಡಿನ ಮುಖ್ಯಮಂತ್ರಿಯೊಬ್ಬರು, ಅಧಿಕಾರ ಕಳೆದುಕೊಂಡ ಕಾರಣಕ್ಕೇ ಇಡೀ ರಾಷ್ಟ್ರಕ್ಕೆ ಪಾಠವಾದರೆಂಬುದು ವಿಚಿತ್ರವಾದರೂ ನಿಜ.

ಈ ಕಥೆಯ ಬೇರು ಸಂವಿಧಾನದ 356ನೆಯ ವಿಧಿಯಲ್ಲಿದೆ. ರಾಜ್ಯವೊಂದರ ಆಡಳಿತ ಸಂವಿಧಾನದಂತೆ ನಡೆಯಲಾಗದ ಸ್ಥಿತಿ ಬಂದಿದೆಯೆಂದು ಮನವರಿಕೆಯಾದರೆ ರಾಷ್ಟ್ರಪತಿಗಳು ಆ ಆಡಳಿತವನ್ನು ತಾವೇ ವಹಿಸಿಕೊಳ್ಳಬಹುದೆಂದು ಅದು ಹೇಳುತ್ತದೆ. ಬ್ರಿಟಿಷರ 1935ರ ಕಾಯಿದೆಯಲ್ಲಿ ಪ್ರಾಂತಗಳ ಗವರ್ನರುಗಳಿಗಿದ್ದ ಇಂಥದೇ ಅಧಿಕಾರದ ವಾಸನೆ ಇದರಲ್ಲಿದೆಯೆಂದು ಸಂವಿಧಾನ ಸಭೆಯ ಸದಸ್ಯರು ಆಗಲೇ ಶಂಕಿಸಿದ್ದರು. ಈ ವಿಧಿ ಬಳಕೆಗೇ ಬಾರದೆ ಕಾಗದದ ಮೇಲೆಯೇ ಉಳಿಯಲೆಂದು 1949ರಲ್ಲಿ ಡಾ. ಅಂಬೇಡ್ಕರರು ಹಾರೈಸಿದರು. ಎರಡೇ ವರ್ಷಗಳಲ್ಲಿ, 1951ರಲ್ಲಿ, ಅದು ಪಂಜಾಬಿನ ಮೇಲೆ ಪ್ರಯೋಗವಾಯಿತು.

ಕ್ರೈಸ್ತರಾದ ನಾವು ತುಸು ನಿಂತು ನೋಡಬೇಕಾದದ್ದು 1959ರ ಕೇರಳವನ್ನು. ಅಲ್ಲಿ 1957ರ ಚುನಾವಣೆಯಲ್ಲಿ ಗೆದ್ದು ಬಂದ ಇ.ಎಂ.ಎಸ್. ನಂಬೂದಿರಿಪಾಡರ ಕಮ್ಯುನಿಸ್ಟ್ ಸರಕಾರ ಶಿಕ್ಷಣ ಮಸೂದೆಯೊಂದನ್ನು ತಂದಿತು. ಅದು ತಮ್ಮ ಶಾಲೆಗಳನ್ನು ಕಸಿದುಕೊಳ್ಳುವುದೆಂದು ಕ್ರೈಸ್ತರು ಹೆದರಿದರು. ಹೆದರಿಕೆಗೆ ಕಾರಣವಿಲ್ಲದಿರಲಿಲ್ಲ, ಅದರ ಕೆಲವು ಅಂಶಗಳು ಅಲ್ಪಸಂಖ್ಯಾತರ ಹಕ್ಕಿಗೆ ಧಕ್ಕೆ ತರುತ್ತವೆಂದು ಸರ್ವೋಚ್ಚ ನ್ಯಾಯಾಲಯವೇ 1958ರಲ್ಲಿ ಅಭಿಪ್ರಾಯಪಟ್ಟಿತು. ನ್ಯಾಯದ ಬಾಗಿಲು ತೆರೆದೇ ಇತ್ತೆಂಬುದಕ್ಕೂ ಇದೇ ಸಾಕ್ಷಿ. ಆದರೂ ಮರುವರ್ಷ ಧರ್ಮಸಭೆ, ನಾಯರ್ ಸರ್ವಿಸ್ ಸೊಸೈಟಿ, ಮುಸ್ಲಿಂ ಲೀಗ್, ಕಾಂಗ್ರೆಸ್ ಎಲ್ಲವೂ ಕೂಡಿ ‘ವಿಮೋಚನಾ ಸಮರ’ ಹೂಡಿದವು. ಅಂಗಮಾಲಿಯಲ್ಲಿ ಪೊಲೀಸರ ಗುಂಡಿಗೆ ಜನ ಬಲಿಯಾದರು. ಜುಲೈ 31ರಂದು ನೆಹರೂ ಅವರ ಕೇಂದ್ರ ಸರಕಾರ, ಸದನದಲ್ಲಿ ಬಹುಮತ ಕಳೆದುಕೊಳ್ಳದ ಆ ಮಂತ್ರಿಮಂಡಲವನ್ನು ವಜಾ ಮಾಡಿಸಿತು.

ಚಿಕ್ಕ ಸಮುದಾಯವೊಂದು ತಾನೇ ಮಾಡಬಲ್ಲ ಕಾರ್ಯವನ್ನು ಮೇಲಿನ ದೊಡ್ಡ ಅಧಿಕಾರ ಕಿತ್ತುಕೊಳ್ಳುವುದು ಅನ್ಯಾಯವೆಂದು ಹನ್ನೊಂದನೆಯ ಪಿಯುಸ್ ಜಗದ್ಗುರುಗಳು 1931ರಲ್ಲೇ ಬೋಧಿಸಿದ್ದರು. ಈ ಬೋಧನೆಯನ್ನು ಗುರುಮಠಗಳಲ್ಲಿ ಶ್ರದ್ಧೆಯಿಂದ ಕಲಿಸುತ್ತಾರೆ. ದೆಹಲಿಯ ಆ ಆಜ್ಞೆಯನ್ನು ವಿಜಯವೆಂದು ಕೊಂಡಾಡಿದವರಿಗೆ ಅದು ನೆನಪಾಗಲಿಲ್ಲವೆಂಬುದನ್ನು ಚರಿತ್ರೆಯ ವಿದ್ಯಾರ್ಥಿ ಮುಚ್ಚಿಡಲಾರ. ನಮಗೊಪ್ಪದ ಸರಕಾರವನ್ನು ಉರುಳಿಸಿದ ಅಸ್ತ್ರ ಮತ್ತೆ ಬತ್ತಳಿಕೆ ಸೇರಿ ಸುಮ್ಮನಿರುವುದೇ?

ಸುಮ್ಮನಿರಲಿಲ್ಲ. 1977ರಲ್ಲಿ ಕೇಂದ್ರಕ್ಕೆ ಬಂದ ಜನತಾ ಪಕ್ಷ ಒಂಬತ್ತು ರಾಜ್ಯಗಳ ಕಾಂಗ್ರೆಸ್ ಸರಕಾರಗಳನ್ನು ಕಿತ್ತೊಗೆಯಿತು. 1980ರಲ್ಲಿ ಮರಳಿ ಬಂದ ಇಂದಿರಾ ಗಾಂಧಿಯವರು ಲೆಕ್ಕ ತಪ್ಪದಂತೆ ಒಂಬತ್ತು ಸರಕಾರಗಳನ್ನೇ ತೆಗೆದರು. ಕರ್ನಾಟಕದಲ್ಲಿ 1977ರ ಡಿಸೆಂಬರ್ ಕೊನೆಯ ದಿನ ದೇವರಾಜ ಅರಸರು ವಜಾಗೊಂಡರು. ಮುಂದಿನ ಫೆಬ್ರವರಿಯ ಚುನಾವಣೆಯಲ್ಲಿ ಜನ ಅವರನ್ನೇ ಮರಳಿ ಆರಿಸಿದರು. ರಾಜ್ಯಗಳ ಅಸಮಾಧಾನ ಬೆಳೆದು, 1983ರಲ್ಲಿ ಕೇಂದ್ರ-ರಾಜ್ಯ ಸಂಬಂಧಗಳ ಪರಿಶೀಲನೆಗೆ ಸರ್ಕಾರಿಯಾ ಆಯೋಗ ನೇಮಕವಾಯಿತು. ಅದರ ವರದಿ ಬಂದ ಮೇಲೂ ದೆಹಲಿಯ ಅಭ್ಯಾಸ ಬದಲಾಗಲಿಲ್ಲ.

1989ರ ಏಪ್ರಿಲ್ ತಿಂಗಳು. ಎಸ್.ಆರ್. ಬೊಮ್ಮಾಯಿಯವರು ಮಂತ್ರಿಮಂಡಲವನ್ನು ವಿಸ್ತರಿಸಿದ ಬೆನ್ನಲ್ಲೇ ಅತೃಪ್ತ ಶಾಸಕರೊಬ್ಬರು ಹತ್ತೊಂಬತ್ತು ಮಂದಿ ಬೆಂಬಲ ಹಿಂತೆಗೆದ ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರಿಗೆ ತಲುಪಿಸಿದರು. 19ರಂದು ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು. ಮರುದಿನವೇ ಆ ಹತ್ತೊಂಬತ್ತರಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆಯಲಾಗಿತ್ತೆಂದೂ ತಾವು ಸರಕಾರದ ಪರವೆಂದೂ ಬರೆದುಕೊಟ್ಟರು. 27ಕ್ಕೆ ಅಧಿವೇಶನ ನಿಗದಿಯಾಗಿತ್ತು. ಬೇಕಾದರೆ ಇನ್ನೂ ಮುಂಚೆಯೇ ಕರೆದು ಬಹುಮತ ತೋರಿಸುವೆನೆಂದರು ಮುಖ್ಯಮಂತ್ರಿ. ವಾರದ ತಾಳ್ಮೆ ಸಾಕಾಗಿತ್ತು. ರಾಜ್ಯಪಾಲರು ಎರಡನೆಯ ವರದಿ ಕಳುಹಿಸಿದರು. 21ರಂದು ಸರಕಾರ ವಜಾಗೊಂಡು ವಿಧಾನಸಭೆಯೂ ವಿಸರ್ಜನೆಯಾಯಿತು. ಕೆಲವು ಪತ್ರಗಳನ್ನು ರಾಜಭವನದಲ್ಲಿ ಕುಳಿತು ಎಣಿಸಿದ್ದಾಯಿತು, ಜನರಿಂದ ಆರಿಸಿಬಂದ ಸದನವನ್ನು ಮಾತ್ರ ಯಾರೂ ಕೇಳಲಿಲ್ಲ.

ಸ್ವತಃ ವಕೀಲರಾಗಿದ್ದ ಬೊಮ್ಮಾಯಿಯವರು ಉಚ್ಚ ನ್ಯಾಯಾಲಯದಲ್ಲಿ ಸೋತರೂ ಬಿಡದೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪಿತ್ತಿತು. ಬಹುಮತ ಇದೆಯೋ ಇಲ್ಲವೋ ಎಂಬುದು ನಿರ್ಧಾರವಾಗಬೇಕಾದ ಸ್ಥಳ ಸದನ. ರಾಷ್ಟ್ರಪತಿಗಳ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ರಾಜ್ಯಗಳು ಕೇಂದ್ರದ ಬಾಲಂಗೋಚಿಗಳಲ್ಲವೆಂಬುದೇ ತೀರ್ಪಿನ ಜೀವಾಳ. ಅದೇ ತೀರ್ಪು, 1992ರ ಡಿಸೆಂಬರಿನಲ್ಲಿ ಅಯೋಧ್ಯೆಯ ಮಸೀದಿ ಉರುಳಿದ ಬಳಿಕ ಮೂರು ರಾಜ್ಯ ಸರಕಾರಗಳನ್ನು ವಜಾ ಮಾಡಿದ್ದನ್ನು ಎತ್ತಿ ಹಿಡಿಯಿತೆಂಬುದನ್ನೂ ಮರೆಯಬಾರದು. ರಾಜ್ಯದ ಹಕ್ಕು ಎಂದೊಡನೆ ಜಾತ್ಯತೀತತೆಯನ್ನು ಗಾಳಿಗೆ ತೂರಲು ಪರವಾನಗಿ ಸಿಕ್ಕಿತೆಂದು ಯಾರೂ ತಿಳಿಯುವಂತಿರಲಿಲ್ಲ.

ಬೊಮ್ಮಾಯಿಯವರ ವಜಾ ಅಸಾಂವಿಧಾನಿಕವೆಂದು ಸಾರಿದರೂ ನ್ಯಾಯಾಲಯಕ್ಕೆ ಅವರ ಕುರ್ಚಿಯನ್ನು ಹಿಂದಿರುಗಿಸಲಾಗಲಿಲ್ಲ. ಐದು ವರ್ಷ ಸರಿದಿತ್ತು. ನಡುವೆ ಚುನಾವಣೆ ನಡೆದು ಬೇರೆಯವರು ಆಳುತ್ತಿದ್ದರು. ಆದರೆ ಆ ತೀರ್ಪಿನ ನಂತರ ಇಂತಹ ವಜಾಗಳು ಬಹಳ ಕಡಿಮೆಯಾದವು. 1997ರಲ್ಲಿ ಉತ್ತರ ಪ್ರದೇಶದ ಸರಕಾರವನ್ನು ತೆಗೆಯುವ ಶಿಫಾರಸನ್ನು ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಮರುಪರಿಶೀಲನೆಗೆಂದು ಕೇಂದ್ರ ಸಂಪುಟಕ್ಕೇ ಹಿಂದಿರುಗಿಸಿದರು. 2016ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯ ಅರುಣಾಚಲ ಪ್ರದೇಶದ ರಾಜ್ಯಪಾಲರ ಕ್ರಮಗಳನ್ನು ರದ್ದುಪಡಿಸಿ, ಪದಚ್ಯುತ ಮುಖ್ಯಮಂತ್ರಿ ನಬಾಮ್ ತುಕಿಯವರನ್ನು ಅಧಿಕಾರಕ್ಕೆ ಮರಳಿಸಿತು. ಕೆಲವೇ ದಿನಗಳಲ್ಲಿ ಅವರ ಪಕ್ಷದ ಶಾಸಕರು ಬೇರೊಬ್ಬ ನಾಯಕನನ್ನು ಆರಿಸಿಕೊಂಡರು, ತುಕಿಯವರು ರಾಜೀನಾಮೆಯಿತ್ತರು. ಈ ಬಾರಿ ಅವರನ್ನು ಇಳಿಸಿದವರು ಅರುಣಾಚಲದ ಜನಪ್ರತಿನಿಧಿಗಳೇ.