ಪರೀಕ್ಷಾಫಲ: ಸಂಖ್ಯೆಯೋ, ಪೂರಣವೋ?

ಸಂಖ್ಯೆಗೂ ಪೂರಣಕ್ಕೂ ಭೇದವುಂಟೆಂಬುದನ್ನು ವ್ಯಾಕರಣವನ್ನೋದಿದವರಿಗೆ ಹೇಳಬೇಕಾದುದಿಲ್ಲ. ದ್ವಿ, ತ್ರಿ ಎಂಬುವು ಸಂಖ್ಯೆಗಳು. ದ್ವಿತೀಯ, ತೃತೀಯ ಎಂಬುವು ಪೂರಣಪ್ರತ್ಯಯಾಂತಗಳು. ಇವುಗಳ ಸಿದ್ಧಿಗಾಗಿ ಪಾಣಿನಿಯು ತದ್ಧಿತಾಧಿಕಾರದಲ್ಲಿ ಬೇರೆಯಾಗಿಯೇ ಪ್ರತ್ಯಯಗಳನ್ನು ವಿಧಿಸಿದ್ದಾನೆ. ಮೂರು ಹಸುಗಳಿಗೆ ನಾಲ್ಕು ಹಸುಗಳನ್ನು ಕೂಡಿಸಿದರೆ ಏಳು ಹಸುಗಳಾಗುವುವು. ಮೂರನೆಯ ಹಸುವಿಗೆ ನಾಲ್ಕನೆಯ ಹಸುವನ್ನು ಕೂಡಿಸಿದರೆ ಏಳನೆಯ ಹಸು ಬಾರದು. ಇಷ್ಟು ಸುಲಭವಾದ ಈ ವಿವೇಕವು ನಮ್ಮ ಕಾಲೇಜುಗಳು ವಿದ್ಯಾರ್ಥಿಗಳ ಕೈಯಲ್ಲಿಡುವ ಅಂಕಪಟ್ಟಿಗಳಲ್ಲಿ ಮರೆಯಾಗಿರುವುದೆಂದು ನನಗೆ ತೋರುತ್ತದೆ. ಅದು ಎಲ್ಲಿ, ಹೇಗೆ ಮರೆಯಾಯಿತೆಂಬುದನ್ನು ಪರೀಕ್ಷೆಗಳ ಚರಿತ್ರೆಯಿಂದ ತಿಳಿಯಲು ಯತ್ನಿಸುವುದೇ ಪ್ರಕೃತ ಲೇಖನದ ಉದ್ದೇಶ.

ಪರೀಕ್ಷೆಯೆಂಬುದು ನಮಗೆ ಹೊಸತಲ್ಲ. ಮಹಾನಗರಗಳಲ್ಲಿ ಕಾವ್ಯಶಾಸ್ತ್ರಗಳ ಪರೀಕ್ಷೆಗಾಗಿ ರಾಜನು ಸಭೆಗಳನ್ನು ಏರ್ಪಡಿಸತಕ್ಕದ್ದೆಂದೂ, ಉತ್ತೀರ್ಣರಾದವರಿಗೆ ಬ್ರಹ್ಮರಥದ ಮೆರವಣಿಗೆಯೂ ಪಟ್ಟಬಂಧವೂ ಸಲ್ಲತಕ್ಕವೆಂದೂ ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಹೇಳುತ್ತಾನೆ. ಕವಿಗಳಿಗೆ ಉಜ್ಜಯಿನಿಯಲ್ಲಿಯೂ ಶಾಸ್ತ್ರಕಾರರಿಗೆ ಪಾಟಲಿಪುತ್ರದಲ್ಲಿಯೂ ಪರೀಕ್ಷೆಯಾಯಿತೆಂಬ ಐತಿಹ್ಯವನ್ನು ಅವನೇ ಸಂಗ್ರಹಿಸಿರುವನು; ಪರೀಕ್ಷಿತರ ಹೆಸರುಗಳಲ್ಲಿ ಪಾಣಿನಿ ಪತಂಜಲಿಗಳ ಹೆಸರುಗಳೂ ಇವೆ. ಕ್ರಿ. ಶ. ೭ನೆಯ ಶತಮಾನದಲ್ಲಿ ನಾಲಂದೆಗೆ ಬಂದ ಚೀನಾದ ಯಾತ್ರಿಕ ಹ್ಯೂಯೆನ್‌ತ್ಸಾಂಗನು, ಹೊರಗಿನಿಂದ ಬಂದು ಪ್ರವೇಶವನ್ನು ಬಯಸುವವರಲ್ಲಿ ಹತ್ತಕ್ಕೆ ಏಳೆಂಟು ಮಂದಿ ದ್ವಾರದಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಲಾರದೆ ಹಿಂದಿರುಗುತ್ತಿದ್ದರೆಂದು ಬರೆದಿಟ್ಟಿದ್ದಾನೆ. ಮಿಥಿಲೆಯಲ್ಲಿ ಶಲಾಕಾಪರೀಕ್ಷೆಯೆಂಬುದೊಂದಿತ್ತು. ತಾಳೆಯೋಲೆಯ ಕಟ್ಟಿಗೆ ಸೂಜಿಯನ್ನು ಚುಚ್ಚಿ, ಅದರ ಮೊನೆಯು ಯಾವ ಓಲೆಯವರೆಗೆ ಇಳಿಯಿತೋ ಆ ಓಲೆಯ ಪಂಕ್ತಿಯನ್ನು ವಿದ್ಯಾರ್ಥಿಯು ಅಲ್ಲಿಯೇ ವ್ಯಾಖ್ಯಾನಿಸಬೇಕಾಗಿತ್ತು. ಪಕ್ಷಧರಮಿಶ್ರನ ಮುಂದೆ ವಂಗದೇಶದ ವಾಸುದೇವನು ಈ ಪರೀಕ್ಷೆಯಲ್ಲಿ ಗೆದ್ದು ‘ಸಾರ್ವಭೌಮ’ನಾಗಿ ನವದ್ವೀಪಕ್ಕೆ ಮರಳಿದನೆಂಬ ಕಥೆಯು ನೈಯಾಯಿಕರಲ್ಲಿ ಪ್ರಸಿದ್ಧವಾಗಿದೆ.

ಇವುಗಳಲ್ಲೆಲ್ಲ ಫಲವು ಒಂದು ಬಿರುದು, ಇಲ್ಲವೆ ಒಂದು ನಿರಾಕರಣ. ವಾಸುದೇವನಿಗೆ ನೂರಕ್ಕೆ ಎಷ್ಟು ಬಂದಿತೆಂದು ಯಾರೂ ಕೇಳಲಿಲ್ಲ. ಹಾಗೆಂದ ಮಾತ್ರಕ್ಕೆ ಅದು ನಿರ್ದುಷ್ಟವಾದ ಕ್ರಮವೆಂದು ನಾನು ಹೇಳುವವನಲ್ಲ. ಸಭೆಯ ದಾಕ್ಷಿಣ್ಯ, ಗುರುವಿನ ಪಕ್ಷಪಾತ, ಆಶ್ರಯದಾತನ ಮರ್ಜಿ, ಇವುಗಳಿಗೆ ಅಲ್ಲಿ ಎಡೆಯಿತ್ತು. ಅದಕ್ಕಿಂತ ಹೆಚ್ಚಾಗಿ, ಆ ಸಭೆಯ ಬಾಗಿಲು ಬಹುಜನರಿಗೆ ಮುಚ್ಚಿಯೇ ಇತ್ತು. ಪರೀಕ್ಷಕನು ಮುಖವನ್ನೂ ಕುಲವನ್ನೂ ನೋಡದೆ ಕಾಗದವನ್ನು ಮಾತ್ರ ನೋಡತಕ್ಕದ್ದೆಂಬ ನವೀನರ ಪದ್ಧತಿಯಲ್ಲಿ ಒಂದು ಧರ್ಮವುಂಟೆಂಬುದನ್ನು ನಮ್ಮವರು ಒಪ್ಪಲೇಬೇಕು.

ಆ ನವೀನರೂ ಮೊದಲು ವಾದಿಗಳೇ ಆಗಿದ್ದರೆಂಬುದು ವಿಸ್ಮಯಕರವಾದ ಸಂಗತಿ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಪದವಿಯನ್ನು ಬಯಸುವವನು ಲ್ಯಾಟಿನ್ ಭಾಷೆಯಲ್ಲಿ ಪೂರ್ವಪಕ್ಷಸಿದ್ಧಾಂತಗಳನ್ನು ಮಾಡಿ ವಾದಿಸಬೇಕಾಗಿತ್ತು. ಅಲ್ಲಿಯ ಪರೀಕ್ಷೆಗೆ ‘ಟ್ರೈಪಾಸ್’ ಎಂಬ ಹೆಸರು ಬಂದುದು ವಾದದಲ್ಲಿ ಎದುರಾಳಿಯಾಗಿ ಕುಳಿತವನ ಮೂರು ಕಾಲಿನ ಪೀಠದಿಂದ ಎಂದು ಹೇಳುವರು. ೧೭೫೩ರಿಂದ ಅಲ್ಲಿಯ ಗಣಿತಪರೀಕ್ಷೆಯಲ್ಲಿ ಉತ್ತೀರ್ಣರಾದ ಮಾನಾರ್ಹರನ್ನು ಮೂರು ವರ್ಗಗಳಾಗಿ ವಿಂಗಡಿಸಿದರು: ರ‍್ಯಾಂಗ್ಲರ್, ಸೀನಿಯರ್ ಆಪ್ಟಿಮೆ, ಜೂನಿಯರ್ ಆಪ್ಟಿಮೆ. ರ‍್ಯಾಂಗ್ಲರ್ ಎಂದರೆ ಜಗಳವಾಡುವವನು, ಅರ್ಥಾತ್ ವಾದಿ. ಆಪ್ಟಿಮೆ ಎಂಬುದು ‘ಚೆನ್ನಾಗಿ ವಾದಿಸಿದೆ’ ಎಂಬರ್ಥದ ಲ್ಯಾಟಿನ್ ವಾಕ್ಯದ ಮೊದಲ ಪದ. ನಮ್ಮ ಸಭೆಗಳ ‘ಸಾಧು ಸಾಧು’ ಎಂಬುದರ ಸೋದರ. ಕ್ರಮೇಣ ವಾದವು ಕ್ಷೀಣಿಸಿ, ಲಿಖಿತಪ್ರಶ್ನೆಗಳು ಬೆಳೆದು, ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ವಾದವು ಪೂರ್ತಿಯಾಗಿ ನಿಂತುಹೋಯಿತು. ವಾದಿ ಎಂಬ ಹೆಸರು ಮಾತ್ರ ಉಳಿಯಿತು. ಒಂದೊಂದು ಪ್ರಶ್ನೆಗೂ ಇಷ್ಟಿಷ್ಟು ಅಂಕಗಳೆಂದು ನಿಯಮಿಸಬೇಕೆಂಬ ಸೂಚನೆಯನ್ನು ೧೭೯೨ರಲ್ಲಿ ವಿಲಿಯಂ ಫ್ಯಾರಿಷ್ ಎಂಬ ಅಲ್ಲಿಯ ಅಧ್ಯಾಪಕನು ಮಾಡಿದನೆಂದು ಪ್ರತೀತಿ.

ಕೇಂಬ್ರಿಜ್‌ನವರು ವರ್ಗದಲ್ಲಿ ತೃಪ್ತರಾಗದೆ, ವರ್ಗದೊಳಗೆ ಒಬ್ಬೊಬ್ಬನಿಗೂ ಸ್ಥಾನವನ್ನು ಕೊಟ್ಟು ಪ್ರಕಟಿಸುತ್ತಿದ್ದರು. ಇದು ಶುದ್ಧವಾದ ಪೂರಣಕ್ರಮ. ಮೊದಲನೆಯವನು ‘ಸೀನಿಯರ್ ರ‍್ಯಾಂಗ್ಲರ್’. ೧೮೯೯ರಲ್ಲಿ ನಮ್ಮ ದೇಶದ ರಘುನಾಥ ಪುರುಷೋತ್ತಮ ಪರಾಂಜಪೆಯವರು ಮತ್ತೊಬ್ಬರೊಡನೆ ಸಮವಾಗಿ ಆ ಸ್ಥಾನವನ್ನು ಪಡೆದರು. ೧೮೯೦ರಲ್ಲಿ ಫಿಲಿಪ್ಪಾ ಫಾಸೆಟ್ ಎಂಬ ತರುಣಿಯು ಎಲ್ಲರನ್ನೂ ಮೀರಿಸಿದಳು. ಆದರೆ ಸ್ತ್ರೀಯರಿಗೆ ಪದವಿಯೇ ಸಲ್ಲದಿದ್ದ ಆ ಕಾಲದಲ್ಲಿ ‘ಸೀನಿಯರ್ ರ‍್ಯಾಂಗ್ಲರಿಗಿಂತ ಮೇಲೆ’ ಎಂದು ಓದಿ ಸುಮ್ಮನಾದರು. ಒಂದನೆಯದಕ್ಕಿಂತ ಮೇಲಾದ ಪೂರಣವು ಯಾವುದೆಂದು ವೈಯಾಕರಣರೂ ಹೇಳಲಾರರು! ೧೯೦೯ರ ತರುವಾಯ ಈ ಸ್ಥಾನಾನುಕ್ರಮದ ಪ್ರಕಟನೆಯನ್ನು ನಿಲ್ಲಿಸಿ ವರ್ಗವನ್ನು ಮಾತ್ರ ಉಳಿಸಿಕೊಂಡರು. ಆದಕಾರಣ ಮುಂದೆ ಕರ್ನಾಟಕ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದ ಡಿ. ಸಿ. ಪಾವಟೆಯವರು ರ‍್ಯಾಂಗ್ಲರೆಂದು ಪ್ರಸಿದ್ಧರಾಗಿದ್ದರೂ, ಎಷ್ಟನೆಯ ರ‍್ಯಾಂಗ್ಲರೆಂಬ ಪ್ರಶ್ನೆಯೇ ಏಳಲಿಲ್ಲ.

ಅಮೆರಿಕದ ಯೇಲ್ ಕಾಲೇಜಿನ ಅಧ್ಯಕ್ಷ ಎಜ್ರಾ ಸ್ಟೈಲ್ಸನು ೧೭೮೫ರ ತನ್ನ ದಿನಚರಿಯಲ್ಲಿ, ತಾನು ಪರೀಕ್ಷಿಸಿದ ೫೮ ವಿದ್ಯಾರ್ಥಿಗಳಲ್ಲಿ ೨೦ ಮಂದಿಯನ್ನು ಉತ್ತಮರೆಂದೂ, ೧೬ ಮಂದಿಯನ್ನು ದ್ವಿತೀಯೋತ್ತಮರೆಂದೂ, ೧೨ ಮಂದಿಯನ್ನು ಅವರಿಗೆ ಕೆಳಗಿನವರೆಂದೂ, ೧೦ ಮಂದಿಯನ್ನು ಅಧಮರೆಂದೂ ಲ್ಯಾಟಿನ್ ಪದಗಳಿಂದ ಗುರುತಿಸಿಕೊಂಡನು. ಆ ದೇಶದ ಕಾಲೇಜುಗಳ ದರ್ಜೆಯ ಚರಿತ್ರೆಯನ್ನು ಇಲ್ಲಿಂದಲೇ ಆರಂಭಿಸುವುದು ವಾಡಿಕೆ. ಇದೂ ವರ್ಗೀಕರಣವೇ ಹೊರತು ಗಣನೆಯಲ್ಲ.

ನಮ್ಮ ದೇಶಕ್ಕೆ ಬಂದುದು ಮಾತ್ರ ಲಂಡನ್ ವಿಶ್ವವಿದ್ಯಾನಿಲಯದ ಮಾದರಿ. ೧೮೩೬ರಲ್ಲಿ ಸನ್ನದನ್ನು ಪಡೆದ ಆ ಸಂಸ್ಥೆಯು ಪಾಠ ಹೇಳುವುದಕ್ಕಲ್ಲ, ಪರೀಕ್ಷಿಸುವುದಕ್ಕೆ ಹುಟ್ಟಿದುದು. ೧೮೫೭ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ಅದರ ಪ್ರತಿಕೃತಿಗಳಾದುವು. ಓದಿಸಿದ ಗುರುವು ಬೇರೆ, ಪರೀಕ್ಷಿಸುವವನು ಬೇರೆ, ಇಬ್ಬರ ನಡುವೆ ಇರುವುದು ಕಾಗದವೊಂದೇ ಎಂಬ ಸ್ಥಿತಿಯಲ್ಲಿ ಅಂಕಿಯಲ್ಲದೆ ಬೇರೆ ಸಾಕ್ಷಿಯು ಹೇಗೆ ಸಾಧ್ಯ?

ಆ ಅಂಕಿಯ ದೌರ್ಬಲ್ಯವು ಮೊದಲ ಪರೀಕ್ಷೆಯಲ್ಲಿಯೇ ಹೊರಬಿದ್ದಿತು. ೧೮೫೮ರಲ್ಲಿ ಕಲ್ಕತ್ತದಲ್ಲಿ ನಡೆದ ಮೊದಲನೆಯ ಬಿ. ಎ. ಪರೀಕ್ಷೆಯಲ್ಲಿ ನಿಯಮದ ಪ್ರಕಾರ ಒಬ್ಬನೂ ತೇರ್ಗಡೆಯಾಗಲಿಲ್ಲ. ಇಬ್ಬರು ಮಾತ್ರ ಆರು ವಿಷಯಗಳಲ್ಲಿ ಐದರಲ್ಲಿ ಚೆನ್ನಾಗಿ ಗೆದ್ದು, ಆರನೆಯದರಲ್ಲಿ ಏಳಕ್ಕೆ ಮೀರದಷ್ಟು ಅಂಕಗಳಿಂದ ಸೋತಿದ್ದರು. ವಿಶೇಷ ಕೃಪೆಯಿಂದ ಅವರಿಗೆ ಪದವಿಯನ್ನು ಕೊಟ್ಟು ದ್ವಿತೀಯವರ್ಗದಲ್ಲಿಡಬಹುದೆಂದು ತೀರ್ಮಾನವಾಯಿತು. ಅವರಲ್ಲೊಬ್ಬರು ಯದುನಾಥ ಬಸು. ಮತ್ತೊಬ್ಬರು ಬಂಕಿಮಚಂದ್ರ ಚಟ್ಟೋಪಾಧ್ಯಾಯರು. ಹೀಗೆ ಭಾರತವರ್ಷದ ವಿಶ್ವವಿದ್ಯಾನಿಲಯಗಳಲ್ಲಿ ಕೃಪಾಂಕವು ಪದವಿಯೊಡನೆಯೇ ಅವಳಿಯಾಗಿ ಜನಿಸಿತು. ಆ ಏಳು ಅಂಕಗಳನ್ನು ಕೃಪೆಮಾಡದಿದ್ದರೆ ಬಂಕಿಮಚಂದ್ರರ ವಿದ್ವತ್ತು ಒಂದಿಷ್ಟೂ ಕುಂದುತ್ತಿರಲಿಲ್ಲ. ಕೃಪೆಮಾಡಿದುದರಿಂದ ಹೆಚ್ಚಲೂ ಇಲ್ಲ. ವ್ಯತ್ಯಾಸವಾದುದು ಪಟ್ಟಿಯಲ್ಲಿ ಮಾತ್ರ.

ಕನ್ನಡನಾಡಿನಲ್ಲಿ ಉತ್ತರದವರು ಮುಂಬಯಿಯ ಪಟ್ಟಿಗೂ, ಮೈಸೂರಿನವರು ೧೯೧೬ರಲ್ಲಿ ತಮ್ಮದೇ ವಿಶ್ವವಿದ್ಯಾನಿಲಯವು ಸ್ಥಾಪಿತವಾಗುವವರೆಗೆ ಮದರಾಸಿನ ಪಟ್ಟಿಗೂ ಒಳಪಟ್ಟಿದ್ದರು. ಪ್ರಥಮ, ದ್ವಿತೀಯ, ತೃತೀಯವರ್ಗಗಳೆಂಬ ಪೂರಣಗಳು ಮನೆಮಾತಾದುವು. ಆದರೆ ಆ ವರ್ಗಗಳ ಎಲ್ಲೆಯನ್ನು ನಿರ್ಣಯಿಸುತ್ತಿದ್ದುದು ನೂರಕ್ಕೆ ಇಷ್ಟೆಂಬ ಸಂಖ್ಯೆ. ಪೂರಣವು ಸಂಖ್ಯೆಯ ಮೇಲೆ ಕುಳಿತಿತು. ಸಂಖ್ಯೆಯು ಯಾವುದರ ಮೇಲೆ ಕುಳಿತಿತ್ತೆಂದು ಕೇಳಿದವರು ವಿರಳ.

ಕೇಳಿದವರಲ್ಲಿ ಮೊದಲಿಗನೆನ್ನಬಹುದಾದವನು ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಎಜ್‌ವರ್ತ್. ಒಂದೇ ಕಾಗದಕ್ಕೆ ಬೇರೆಬೇರೆ ಪರೀಕ್ಷಕರು ಕೊಡುವ ಅಂಕಗಳು ದೋಷಸಿದ್ಧಾಂತಕ್ಕೆ ಒಳಪಟ್ಟ ಅಳತೆಗಳೆಂದು ಅವನು ೧೮೮೮ರಲ್ಲಿ ಗಣಿತದ ಮೂಲಕ ತೋರಿಸಿದನು. ೧೯೧೨ರಲ್ಲಿ ಅಮೆರಿಕದ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ಇಂಗ್ಲಿಷಿನ ಎರಡು ಉತ್ತರಪತ್ರಿಕೆಗಳ ಪ್ರತಿಗಳನ್ನು ನೂರಾರು ಶಾಲೆಗಳಿಗೆ ಕಳುಹಿಸಿದಾಗ, ಅವುಗಳಲ್ಲೊಂದಕ್ಕೆ ಕೆಲವರು ೫೦ ಕೊಟ್ಟರೆ ಮತ್ತೆ ಕೆಲವರು ೯೫ಕ್ಕೂ ಮೇಲೆ ಕೊಟ್ಟರು. ಭಾಷೆಯ ವಿಷಯದಲ್ಲಿ ಹೀಗಾಗುವುದು ಸಹಜ, ಗಣಿತದಲ್ಲಿ ಆಗದು ಎಂದವರಿಗೆ ಮರುವರ್ಷವೇ ಉತ್ತರ ದೊರೆಯಿತು: ರೇಖಾಗಣಿತದ ಒಂದೇ ಪತ್ರಿಕೆಗೆ ೨೮ರಿಂದ ೯೦ಕ್ಕೂ ಮೇಲಿನವರೆಗೆ ಅಂಕಗಳು ಬಂದುವು. ಅನಂತರ ೧೯೩೫ರಲ್ಲಿ ಸರ್ ಫಿಲಿಪ್ ಹಾರ್ಟಾಗರು ರೋಡ್ಸ್ ಎಂಬವರೊಡನೆ ಸೇರಿ ಪ್ರಕಟಿಸಿದ ಪರಿಶೋಧನೆಯು ಇನ್ನೂ ತೀಕ್ಷ್ಣವಾಗಿದೆ. ಹಾರ್ಟಾಗರು ನಮಗೆ ಅಪರಿಚಿತರಲ್ಲ. ೧೯೧೭ರ ಕಲ್ಕತ್ತ ವಿಶ್ವವಿದ್ಯಾನಿಲಯ ಆಯೋಗದ ಸದಸ್ಯರಾಗಿದ್ದು ಮುಂದೆ ಢಾಕಾ ವಿಶ್ವವಿದ್ಯಾನಿಲಯದ ಮೊದಲ ಉಪಕುಲಪತಿಗಳಾದವರು. ಇತಿಹಾಸದ ೧೫ ಉತ್ತರಪತ್ರಿಕೆಗಳನ್ನು ೧೪ ಮಂದಿ ಪರೀಕ್ಷಕರಿಗೆ ಕೊಟ್ಟು, ಒಂದು ವರ್ಷ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅವರಿಗೇ ಮತ್ತೆ ಕೊಡಲಾಯಿತು. ೨೧೦ ನಿರ್ಣಯಗಳಲ್ಲಿ ೯೨ ಬದಲಾದುವು. ಇಲ್ಲಿ ಭೇದವಿದ್ದುದು ಒಬ್ಬನಿಗೂ ಮತ್ತೊಬ್ಬನಿಗೂ ಅಲ್ಲ, ಅದೇ ಮನುಷ್ಯನಿಗೂ ಅವನಿಗೂ.

ಇದನ್ನೋದಿದಾಗ ನಾನು ಪರರನ್ನು ನಗುವ ಸ್ಥಿತಿಯಲ್ಲಿರಲಿಲ್ಲ. ಕೆಲವು ವರ್ಷಗಳ ಹಿಂದೆ ಅಲಂಕಾರಶಾಸ್ತ್ರದ ಪತ್ರಿಕೆಗಳನ್ನು ತಿದ್ದುತ್ತಿದ್ದಾಗ, ಪ್ರಮಾದದಿಂದ ಒಂದು ಪತ್ರಿಕೆಯ ಅಂಕಗಳನ್ನು ಹೊರಗೆ ಬರೆಯದೆ ಬಿಟ್ಟು, ಮರುದಿನ ಅದನ್ನು ಹೊಸದೆಂದು ಭ್ರಮಿಸಿ ತಿದ್ದಿದೆನು. ಮೊದಲ ದಿನ ನನ್ನ ಟಿಪ್ಪಣಿಯಲ್ಲಿ ೫೨ ಇತ್ತು. ಎರಡನೆಯ ದಿನ ೬೧ ಆಯಿತು. ರಸದೋಷದ ಪ್ರಕರಣದಲ್ಲಿ ವಿದ್ಯಾರ್ಥಿಯು ಹೇಳಿದುದು ಮೊದಲ ದಿನ ಸಂಧ್ಯಾಕಾಲದಲ್ಲಿ ನನಗೆ ಅರ್ಥವಾಗಿರಲಿಲ್ಲ, ಅಷ್ಟೆ. ಒಂದು ರಾತ್ರಿಯ ನಿದ್ರೆಯು ಅವನಿಗೆ ವರ್ಗಾಂತರವನ್ನು ಕೊಟ್ಟಿತು.

ಈ ಸಂಶಯದಿಂದಲೇ ಅಕ್ಷರದರ್ಜೆಗೆ ಪುಷ್ಟಿ ದೊರೆಯಿತು. ೬೧ಕ್ಕೂ ೬೨ಕ್ಕೂ ಭೇದವನ್ನು ಕಾಣಲು ಮನುಷ್ಯನು ಸಮರ್ಥನಲ್ಲವಾದರೆ, ಎರಡನ್ನೂ ಒಂದೇ ಗುಂಪಿಗೆ ಸೇರಿಸಿ ಒಂದು ಅಕ್ಷರವನ್ನಿಡುವುದು ನ್ಯಾಯ. ಅಮೆರಿಕದ ಮೌಂಟ್ ಹೋಲಿಯೋಕ್ ಎಂಬ ಸ್ತ್ರೀಯರ ಕಾಲೇಜು ೧೮೯೭ರಲ್ಲಿಯೇ ಅಕ್ಷರಗಳನ್ನೂ ಶೇಕಡಾಂಶಗಳನ್ನೂ ಜೋಡಿಸಿದ್ದಿತು. ಅಲ್ಲಿ ೭೫ಕ್ಕೆ ಕೆಳಗೆ ಬಂದುದೆಲ್ಲ ಅನುತ್ತೀರ್ಣ. ೧೯೦೮ರಲ್ಲಿ ಮಿಸೌರಿಯ ಮ್ಯಾಕ್ಸ್ ಮೇಯರನು ಮತ್ತೊಂದು ಹೆಜ್ಜೆ ಮುಂದೆ ಹೋಗಿ, ತರಗತಿಯ ನೂರು ಮಂದಿಯಲ್ಲಿ ಮೂವರು ಅತ್ಯುತ್ತಮರು, ೨೨ ಮಂದಿ ಉತ್ತಮರು, ೫೦ ಮಂದಿ ಮಧ್ಯಮರು, ೨೨ ಮಂದಿ ಕೆಳಗಿನವರು, ಮೂವರು ಅನುತ್ತೀರ್ಣರು ಎಂದು ಮೊದಲೇ ಪಾಲುಹಾಕಬೇಕೆಂದನು. ಇದಕ್ಕೆ ಸಾಪೇಕ್ಷದರ್ಜೆಯೆಂದೂ, ಅಂಕದ ಗೊತ್ತಾದ ಎಲ್ಲೆಯಿಂದ ಬರುವುದಕ್ಕೆ ನಿರಪೇಕ್ಷದರ್ಜೆಯೆಂದೂ ಹೆಸರು. ಸಾಪೇಕ್ಷಪಕ್ಷದಲ್ಲಿ ಪರೀಕ್ಷಕನ ಕಾಠಿಣ್ಯ ಮಾರ್ದವಗಳು ಫಲವನ್ನು ಕೆಡಿಸವು. ಆದರೆ ಪಂಡಿತರ ನಡುವೆ ಕುಳಿತ ಪಂಡಿತನು ಮಧ್ಯಮನಾಗುವನು.

ನಮ್ಮಲ್ಲಿ ೧೯೪೮–೪೯ರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವು ಡಾಕ್ಟರ್ ರಾಧಾಕೃಷ್ಣನ್ನರ ಅಧ್ಯಕ್ಷತೆಯಲ್ಲಿ ಪರೀಕ್ಷೆಯ ಸುಧಾರಣೆಯನ್ನೇ ಅತ್ಯಂತ ಜರೂರಾದುದೆಂದು ಎಣಿಸಿ, ೭೦, ೫೫, ೪೦ ಎಂಬ ಎಲ್ಲೆಗಳಿಂದ ಮೂರು ವರ್ಗಗಳನ್ನು ಸೂಚಿಸಿತು. ಮೊದಲ ಪದವಿಯ ಮಟ್ಟದಲ್ಲಾದರೂ ಕೃಪಾಂಕವನ್ನು ನಿಲ್ಲಿಸಬೇಕೆಂದಿತು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೧೯೭೦ರ ದಶಕದಲ್ಲಿ ಅಕ್ಷರದರ್ಜೆಯನ್ನು ಪ್ರೋತ್ಸಾಹಿಸಿತು. ಅದು ಬಹುಕಾಲ ಕೆಲವು ಸಂಸ್ಥೆಗಳಿಗೆ ಸೀಮಿತವಾಗಿದ್ದು, ೨೦೧೪–೧೫ರ ಮಾರ್ಗಸೂಚಿಗಳಿಂದ ದೇಶವ್ಯಾಪಿಯಾಯಿತು. ಅದರಂತೆ ‘ಓ’ ಎಂಬುದಕ್ಕೆ ೧೦ ಬಿಂದುಗಳು, ‘ಎ ಪ್ಲಸ್’ಗೆ ೯, ‘ಎ’ಗೆ ೮, ‘ಬಿ ಪ್ಲಸ್’ಗೆ ೭, ‘ಬಿ’ಗೆ ೬, ‘ಸಿ’ಗೆ ೫, ತೇರ್ಗಡೆಯ ‘ಪಿ’ಗೆ ೪, ಅನುತ್ತೀರ್ಣನಿಗೆ ಸೊನ್ನೆ, ಪರೀಕ್ಷೆಗೆ ಬಾರದಿದ್ದವನಿಗೂ ಸೊನ್ನೆ. ನಾಲ್ಕರಿಂದ ಸೊನ್ನೆಗೆ ಒಂದೇ ನೆಗೆತ, ನಡುವೆ ಮೆಟ್ಟಿಲಿಲ್ಲ. ಪ್ರತಿಯೊಂದು ಪತ್ರಿಕೆಯ ಬಿಂದುವನ್ನು ಅದರ ಕ್ರೆಡಿಟ್ಟಿನಿಂದ ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್ಟಿನಿಂದ ಭಾಗಿಸಿದರೆ ಆ ಷಣ್ಮಾಸದ ಸರಾಸರಿಯು ದೊರೆಯುವುದು. ಷಣ್ಮಾಸಗಳ ಸರಾಸರಿಗಳನ್ನು ಹಾಗೆಯೇ ಕೂಡಿಸಿ ಭಾಗಿಸಿದರೆ ಸಂಚಿತ ಸರಾಸರಿ. ಇದನ್ನು ದಶಾಂಶದ ಎರಡು ಸ್ಥಾನಗಳವರೆಗೆ ಬರೆದು ಅಂಕಪಟ್ಟಿಯಲ್ಲಿ ಅಚ್ಚುಹಾಕತಕ್ಕದ್ದು.

ನಾನು ಆರಂಭದಲ್ಲಿ ಹೇಳಿದ ಮರೆವು ಇಲ್ಲಿಯೇ ಇದೆ. ಅಕ್ಷರವನ್ನು ತಂದುದು ಸಂಖ್ಯೆಯ ಹುಸಿ ಸೂಕ್ಷ್ಮತೆಯನ್ನು ತೊರೆಯುವುದಕ್ಕಾಗಿ. ಅಕ್ಷರಕ್ಕೆ ಬಿಂದುವನ್ನಿಟ್ಟು, ಬಿಂದುಗಳನ್ನು ಕೂಡಿಸಿ, ಎರಡು ದಶಾಂಶಗಳವರೆಗೆ ಭಾಗಿಸಿದಾಗ ತೊರೆದ ಸೂಕ್ಷ್ಮತೆಯು ಹಿತ್ತಲ ಬಾಗಿಲಿನಿಂದ ಒಳಗೆ ಬಂದಿತು. ಮೂರನೆಯ ಹಸುವಿಗೂ ನಾಲ್ಕನೆಯ ಹಸುವಿಗೂ ಸಂಕಲನವಾಯಿತು! ದೃಷ್ಟಾಂತ: ಹತ್ತು ಹತ್ತು ಅಂಕಗಳಿಗೊಂದು ದರ್ಜೆಯಂತೆ ೭೦ರಿಂದ ೭೯ರವರೆಗೆ ಎಂಟು ಬಿಂದು, ೮೦ರಿಂದ ೮೯ರವರೆಗೆ ಒಂಬತ್ತು ಬಿಂದು ಎಂದಿಟ್ಟುಕೊಳ್ಳೋಣ. ಸಮಾನ ಕ್ರೆಡಿಟ್ಟುಳ್ಳ ಎರಡು ಪತ್ರಿಕೆಗಳಲ್ಲಿ ಒಬ್ಬನು ೭೯, ೭೯ ಪಡೆದರೆ ಅವನ ಸರಾಸರಿ ೮. ಮತ್ತೊಬ್ಬನು ೮೦, ೭೦ ಪಡೆದರೆ ಸರಾಸರಿ ೮.೫. ಮೊದಲಿನವನ ಒಟ್ಟು ೧೫೮, ಎರಡನೆಯವನದು ೧೫೦. ಎಂಟು ಅಂಕ ಕಡಮೆಯಾದವನು ಅರ್ಧ ಬಿಂದು ಮೇಲಾದನು.

ಪಟ್ಟಿಯು ಊರು ಬಿಟ್ಟು ಹೊರಟಾಗ ಇದರ ಕ್ಲೇಶವು ಹೆಚ್ಚುವುದು. ಉದ್ಯೋಗ ಕೊಡುವವರಿಗೂ ಮೇಲಣ ವ್ಯಾಸಂಗಕ್ಕೆ ಸೇರಿಸಿಕೊಳ್ಳುವವರಿಗೂ ಶೇಕಡಾವಾರೇ ಬೇಕು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಒಂದು ಕೋಷ್ಟಕದಲ್ಲಿ ೬.೨೫ಕ್ಕೆ ಶೇಕಡ ೫೫, ೬.೭೫ಕ್ಕೆ ೬೦, ೭.೨೫ಕ್ಕೆ ೬೫ ಎಂದಿತ್ತು, ಅಂದರೆ ೦.೭೫ನ್ನು ಕಳೆದು ಹತ್ತರಿಂದ ಗುಣಿಸಬೇಕು. ಕೇಂದ್ರೀಯ ಪ್ರೌಢಶಿಕ್ಷಣ ಮಂಡಲಿಯು ತನ್ನ ಹತ್ತನೆಯ ತರಗತಿಯವರಿಗೆ ೨೦೧೦ರ ದಶಕದಲ್ಲಿ ೯.೫ರಿಂದ ಗುಣಿಸಲು ಹೇಳಿತ್ತು. ಬೇರೆ ಕಡೆಗಳಲ್ಲಿ ಸರಿಯಾಗಿ ಹತ್ತರಿಂದಲೇ ಗುಣಿಸುವರು. ಎಂಟು ಎಂಬ ಒಂದೇ ಬಿಂದುವು ಹೀಗೆ ೭೨.೫, ೭೬, ೮೦ ಎಂಬ ಮೂರು ರೂಪಗಳನ್ನು ತಾಳುವುದು. ಅನುತ್ತೀರ್ಣನಾಗಿ ಮತ್ತೆ ಬರೆದು ಗೆದ್ದವನ ಪಟ್ಟಿಯಲ್ಲಿ ಹಳೆಯ ಸೋಲನ್ನು ಉಳಿಸುವುದೋ ಅಳಿಸುವುದೋ ಎಂಬುದರಲ್ಲಿಯೂ ಐಕಮತ್ಯವಿಲ್ಲ. ವಿದ್ವತ್ತನ್ನು ಕುರಿತ ಪ್ರಶ್ನೆಯಾದರೆ ಅಳಿಸುವುದೇ ಸರಿ, ಚರಿತ್ರೆಯನ್ನು ಕುರಿತದ್ದಾದರೆ ಉಳಿಸುವುದೇ ಸರಿ. ಪಟ್ಟಿಯು ಎರಡರಲ್ಲಿ ಯಾವುದನ್ನು ಹೇಳಹೊರಟಿದೆಯೆಂದು ಮೊದಲು ಗೊತ್ತುಮಾಡಬೇಡವೆ?

ನಾನು ಪಾಠಶಾಲೆಯನ್ನು ಬಿಡುವಾಗ ನನ್ನ ಗುರುಗಳು ತಮ್ಮ ಕೈಯಿಂದಲೇ ಒಂದು ಕಾಗದವನ್ನು ಬರೆದುಕೊಟ್ಟಿದ್ದರು. ಅದರಲ್ಲಿ ನಾನು ಓದಿದ ಗ್ರಂಥಗಳ ಹೆಸರುಗಳೂ, ಮುಕ್ತಾವಳಿಯಲ್ಲಿ ಅನುಮಾನಖಂಡದವರೆಗೆ ಇವನು ಸಭೆಯಲ್ಲಿ ನಿಲ್ಲಬಲ್ಲನೆಂಬ ಮಾತೂ, ಕೌಮುದಿಯಲ್ಲಿ ತದ್ಧಿತಪ್ರಕರಣವನ್ನು ಇನ್ನೊಮ್ಮೆ ಓದತಕ್ಕದ್ದೆಂಬ ಮಾತೂ ಇದ್ದುವು. ಅನಂತರ ಉದ್ಯೋಗವೊಂದಕ್ಕೆ ಅರ್ಜಿಯನ್ನು ಹಾಕಿದಾಗ, ಈ ಕಾಗದವನ್ನು ಶೇಕಡಾವಾರಿಗೆ ಪರಿವರ್ತಿಸಿ ಕಳುಹಿಸತಕ್ಕದ್ದೆಂದು ಕಛೇರಿಯವರು ಬರೆದರು. ಗುರುಗಳ ಬಳಿಗೆ ಹೋಗಿ ವಿನಂತಿಸಿಕೊಂಡೆನು. ಅವರು ಕಾಗದವನ್ನು ಮತ್ತೊಮ್ಮೆ ಓದಿ, ‘ತದ್ಧಿತವನ್ನು ಓದಿದೆಯೇನಪ್ಪ?’ ಎಂದು ಕೇಳಿದರು. ಓದಿರಲಿಲ್ಲ. ಅರ್ಜಿಯ ಆ ಅಂಕಣವನ್ನು ಬರಿದಾಗಿಯೇ ಬಿಟ್ಟು ಕಳುಹಿಸಿದೆನು. ತದ್ಧಿತವನ್ನು ಮಾತ್ರ ಆ ವರ್ಷದ ಚಾತುರ್ಮಾಸ್ಯದಲ್ಲಿ ಅವರ ಮುಂದೆ ಕುಳಿತು ಮೊದಲಿನಿಂದ ಓದಿದೆನು. ಸಂಖ್ಯೆಗೂ ಪೂರಣಕ್ಕೂ ಇರುವ ಭೇದವು ಆಗಲೇ ತಿಳಿದುದು.