ಆಲದ ಮರದಿಂದ ಮೊಬೈಲಿನವರೆಗೆ: ನಿಮ್ಮ ಷೇರು ಯಾರ ಕೈಯಲ್ಲಿದೆ?



ಷೇರು ಕೊಳ್ಳುವ ಆಸೆಯಿದೆ, ಆದರೆ ಯಾವ ಆನ್‌ಲೈನ್ ಬ್ರೋಕರ್ ಬಳಿ ಖಾತೆ ತೆರೆಯುವುದೆಂಬ ಗೊಂದಲವೇ? ಜಾಹೀರಾತು ನೋಡುವ ಮೊದಲು ಸ್ವಲ್ಪ ಇತಿಹಾಸ ನೋಡೋಣ ಬನ್ನಿ.

ಮುಂಬಯಿಯ ಕೇಳುಗರಿಗೆ ಟೌನ್‌ಹಾಲ್ ಗೊತ್ತೇ ಇದೆ. 1850ರ ದಶಕದಲ್ಲಿ ಅದರ ಸಮೀಪ ಆಲದ ಮರದಡಿ ಕೆಲವು ದಲ್ಲಾಳಿಗಳು ಸೇರಿ ವ್ಯಾಪಾರ ಮಾಡುತ್ತಿದ್ದರು. 1875ರಲ್ಲಿ ದಲ್ಲಾಳಿಗಳ ಸಂಘ ಹುಟ್ಟಿತು. ಅದೇ ಇಂದಿನ ಬಿ.ಎಸ್.ಇ. ಅಲ್ಲಿ ಬಹುಕಾಲ ಕೂಗಿ ವ್ಯಾಪಾರ ಮಾಡುವುದೇ ಪದ್ಧತಿ. ಹೊರಗಿದ್ದ ಗ್ರಾಹಕ ದಲ್ಲಾಳಿ ಹೇಳಿದ ಬೆಲೆಯನ್ನೇ ನಂಬಬೇಕಿತ್ತು.

1994ರಲ್ಲಿ ಎನ್.ಎಸ್.ಇ. ಕಂಪ್ಯೂಟರ್ ತೆರೆಯ ಮೇಲೆ ಷೇರು ವಹಿವಾಟು ಆರಂಭಿಸಿತು. 1995ರಲ್ಲಿ ಬಿ.ಎಸ್.ಇ. ಕೂಡ ಅದೇ ದಾರಿ ಹಿಡಿಯಿತು. ಬೆಲೆ ಎಲ್ಲರ ಕಣ್ಣಿಗೂ ಬಿತ್ತು. ಆದರೆ ಷೇರು ಇನ್ನೂ ಕಾಗದವೇ! ಸಹಿ ಹೊಂದದಿದ್ದರೆ ವಾಪಸು, ಅಂಚೆಯಲ್ಲಿ ಕಳೆದರೆ ಪರದಾಟ, ಜೊತೆಗೆ ನಕಲಿ ಪತ್ರಗಳ ಕಾಟ. 1996ರ ಡಿಪಾಸಿಟರಿ ಕಾಯ್ದೆ ಇದಕ್ಕೆ ಮದ್ದಾಯಿತು. ಅದೇ ವರ್ಷ ಎನ್.ಎಸ್.ಡಿ.ಎಲ್., 1999ರಲ್ಲಿ ಸಿ.ಡಿ.ಎಸ್.ಎಲ್. ಕೆಲಸ ಆರಂಭಿಸಿದವು. ಷೇರುಗಳು ಡಿಮ್ಯಾಟ್ ಖಾತೆ ಸೇರಿದವು. 2000ದಲ್ಲಿ ಸೆಬಿ ಇಂಟರ್‌ನೆಟ್ ವಹಿವಾಟಿಗೆ ಅನುಮತಿ ನೀಡಿತು.

ಊರೂರಿಗೂ ತೆರೆ ತಲುಪಿದ ಮೇಲೆ ಪ್ರಾದೇಶಿಕ ವಿನಿಮಯ ಕೇಂದ್ರಗಳು ಮಂಕಾದವು. 1963ರಲ್ಲಿ ಆರಂಭವಾದ ನಮ್ಮ ಬೆಂಗಳೂರಿನ ಕೇಂದ್ರವೂ 2014ರಲ್ಲಿ ನಿರ್ಗಮಿಸಿತು. ಅದೇ ಬೆಂಗಳೂರಿನಲ್ಲಿ 2010ರಲ್ಲಿ ಹುಟ್ಟಿದ ಜೆರೋಧಾ, ವಹಿವಾಟಿನ ಮೊತ್ತ ಎಷ್ಟೇ ಇದ್ದರೂ ನಿಗದಿತ ದಲ್ಲಾಳಿ ಶುಲ್ಕವೆಂಬ ಪದ್ಧತಿಯನ್ನು ಜನಪ್ರಿಯಗೊಳಿಸಿತು.

ಶುಲ್ಕ ಇಳಿಯಿತು, ಸರಿ. ಆದರೆ ಬೆಳ್ಳಗಿರುವುದೆಲ್ಲ ಹಾಲಲ್ಲ. ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಹಳೆಯ, ದೊಡ್ಡ ಹೆಸರು. ಅದು ಗ್ರಾಹಕರ ಷೇರುಗಳನ್ನು ದುರುಪಯೋಗ ಮಾಡಿದೆಯೆಂದು 2019ರ ನವೆಂಬರ್‌ನಲ್ಲಿ ಸೆಬಿ ಕ್ರಮ ಕೈಗೊಂಡಿತು. ಗ್ರಾಹಕರು ಕೊಟ್ಟಿದ್ದ ಅಧಿಕಾರ ಪತ್ರವೇ ಅದಕ್ಕೆ ದಾರಿಯಾಗಿತ್ತು! 2020ರಲ್ಲಿ ಷೇರು ಅಡವಿನ ನಿಯಮ ಬಿಗಿಯಾಯಿತು. ಈಗ ಅಡವಿಟ್ಟ ಷೇರೂ ನಿಮ್ಮ ಡಿಮ್ಯಾಟ್ ಖಾತೆಯಲ್ಲೇ ಇರುತ್ತದೆ, ಅಡವಿಗೆ ನಿಮ್ಮ ಒಪ್ಪಿಗೆಯೂ ಬೇಕು.

ಹಾಗಾದರೆ ನೀವು ಏನು ನೋಡಬೇಕು? ಮೊದಲು, ಬ್ರೋಕರ್‌ನ ಸೆಬಿ ನೋಂದಣಿ ಸಂಖ್ಯೆಯನ್ನು ಸೆಬಿಯ ತಾಣದಲ್ಲೇ ಪರೀಕ್ಷಿಸಿ. ಎರಡನೆಯದು, ದಲ್ಲಾಳಿ ಶುಲ್ಕ ಸೊನ್ನೆ ಎಂದಾಕ್ಷಣ ಹಿಗ್ಗಬೇಡಿ. ಡಿಮ್ಯಾಟ್‌ನ ವಾರ್ಷಿಕ ಶುಲ್ಕ, ಮಾರುವಾಗಿನ ಶುಲ್ಕ ಎಲ್ಲವನ್ನೂ ಕೂಡಿಸಿ ನೋಡಿ. ಮೂರನೆಯದು, ಯಾವುದೇ ವ್ಯಕ್ತಿಯ ಸ್ವಂತ ಖಾತೆಗೆ ಹಣ ಹಾಕಬೇಡಿ. ನಾಲ್ಕನೆಯದು, ಡಿಪಾಸಿಟರಿಯಿಂದ ನೇರವಾಗಿ ಬರುವ ಲೆಕ್ಕಪಟ್ಟಿಯನ್ನು ತಪ್ಪದೆ ಓದಿ. ನಿಮ್ಮ ಷೇರು ನಿಜವಾಗಿ ಇದೆಯೇ ಎಂಬುದಕ್ಕೆ ಸಾಕ್ಷಿ ಅದೇ, ಬ್ರೋಕರ್‌ನ ತೆರೆಯಲ್ಲ.

ಇನ್ನೊಂದು ಮಾತು. ಅದೇ ಆ್ಯಪ್‌ನಲ್ಲಿ ಫ್ಯೂಚರ್ಸ್, ಆಪ್ಷನ್ಸ್‌ಗಳೂ ಕೈಬೀಸಿ ಕರೆಯುತ್ತವೆ. 2024ರ ಸೆಬಿ ಅಧ್ಯಯನದ ಪ್ರಕಾರ, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ಅವುಗಳಲ್ಲಿ ತೊಡಗಿದ್ದ ವೈಯಕ್ತಿಕ ವಹಿವಾಟುದಾರರಲ್ಲಿ ಶೇ. 93 ಮಂದಿ ನಷ್ಟ ಅನುಭವಿಸಿದ್ದಾರೆ. ಹೊಸಬರು ಅತ್ತ ಸುಳಿಯದಿರುವುದೇ ಲೇಸು.

ಆಲದ ಮರದಡಿ ಗ್ರಾಹಕನಿಗೆ ಇದ್ದದ್ದು ನಂಬಿಕೆಯೊಂದೇ. ನಿಮಗೆ ಪರೀಕ್ಷಿಸುವ ಸೌಲಭ್ಯವೂ ಇದೆ. ಬಳಸಿಕೊಳ್ಳಿ!